ಕೈ ಎತ್ತುವ ಚುನಾವಣೆ

ಅಧ್ಯಕ್ಷರ ಚುನಾವಣೆಯ ದಿನ ಏನೇನು ಕೆಡಬಹುದು ಎಂಬುದು ನನಗೆ ಹದಿನೈದು ದಿನ ಮೊದಲೇ ಗೊತ್ತಿತ್ತು. ನಾಮಪತ್ರದಲ್ಲಿ ಒಂದು ಕಡೆ ತವರಿನ ಅಡ್ಡಹೆಸರು, ಇನ್ನೊಂದು ಕಡೆ ಗಂಡನ ಮನೆಯ ಅಡ್ಡಹೆಸರು ಬಿದ್ದು ಅದು ತಿರಸ್ಕಾರವಾಗಬಹುದಿತ್ತು. ನನ್ನ ಹೆಸರು ಸೂಚಿಸಬೇಕಾದವರಿಗೆ ಅಂದೇ ಜ್ವರ ಬರಬಹುದಿತ್ತು. ಅನುಮೋದಿಸಬೇಕಾದವರಿಗೆ ಜ್ವರದ ಬದಲು ಆಚೆ ಗುಂಪಿನಿಂದ ಫೋನು ಬರಬಹುದಿತ್ತು. ನಮ್ಮವರನ್ನು ಕರೆತರುವ ಟೆಂಪೊ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು, ಹನ್ನೊಂದು ಗಂಟೆಯ ಸಭೆಗೆ ನಾವು ಹನ್ನೆರಡಕ್ಕೆ ಮುಟ್ಟಬಹುದಿತ್ತು. ಮಜ್ಜಿಗೆ ಹುಳಿಯಾಗಿ ಹದಿನಾರು ಜನರಿಗೆ ಒಮ್ಮೆಲೇ ಹೊಟ್ಟೆ ಕೆಡಬಹುದಿತ್ತು. ಯಾರೋ ಕೋರ್ಟಿನಿಂದ ತಡೆ ತರಬಹುದಿತ್ತು. ಸಭೆಯ ನಡುವೆ ಕರೆಂಟು ಹೋಗಬಹುದಿತ್ತು. ಮೆಟ್ಟಿಲು ಹತ್ತುವಾಗ ಸೀರೆಯ ನೆರಿಗೆ ಕಾಲಿಗೆ ತೊಡರಿ ನಾನು ಬೀಳಬಹುದಿತ್ತು, ಬಿದ್ದದ್ದನ್ನು ಯಾರಾದರೂ ಫೋನಿನಲ್ಲಿ ಹಿಡಿಯಬಹುದಿತ್ತು. ಕೊನೆಗೆ ನಾನು ಗೆದ್ದೇಬಿಡಬಹುದಿತ್ತು, ಆಗ ಭಾಷಣ ಮಾಡಬೇಕಾಗುತ್ತಿತ್ತು.

ಈ ಪಟ್ಟಿಯನ್ನು ನಾನು ಬರೆದಿಟ್ಟಿರಲಿಲ್ಲ. ಬರೆದರೆ ಯಾರ ಕೈಗಾದರೂ ಸಿಗಬಹುದೆಂಬ ಇನ್ನೊಂದು ಚಿಂತೆ ಇತ್ತು. ಬಾಯಿಪಾಠ ಮಾಡಿ ಗಂಡನ ಮುಂದೆ ಒಪ್ಪಿಸಿದೆ. ಅವರು ಮಗ್ಗ ನಿಲ್ಲಿಸಿ, ಹರಿದ ಎಳೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ.

“ಭೂಕಂಪ ಮರತೀ ನೋಡು,” ಅಂದರು.

“ನಗಬ್ಯಾಡ್ರಿ.”

“ನಗವಲ್ಲೆ ಬೇ. ಪಟ್ಟಿ ಪೂರಾ ಆಗಲಿ ಅಂತ ಹೇಳಿದೆ.”

ನಗರಸಭೆಯ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಜನ ಆರಿಸಿದ ಸದಸ್ಯರು ಒಂದು ಸಭಾಂಗಣದಲ್ಲಿ ಕೂತು, ಚುನಾವಣಾಧಿಕಾರಿ ಹೆಸರು ಕರೆದಾಗ ಕೈ ಎತ್ತುತ್ತಾರೆ. ಯಾರು ಯಾರಿಗೆ ಕೈ ಎತ್ತಿದರು ಎಂಬುದು ಎಲ್ಲರೆದುರೇ ತಿಳಿಯುತ್ತದೆ, ವಹಿಯಲ್ಲೂ ದಾಖಲಾಗುತ್ತದೆ. ನನ್ನಂಥ ಅಂಜುಬುರುಕಿಗೆ ಇದಕ್ಕಿಂತ ಕ್ರೂರವಾದ ಪದ್ಧತಿಯನ್ನು ಯಾರೂ ಹುಡುಕಲಾರರು.

ಹಾಗಾದರೆ ಯಾಕೆ ನಿಂತೆ? ನೀರಿಗಾಗಿ. ಜಮಖಂಡಿ, ಮುಧೋಳ, ಬೀಳಗಿ, ಯಾವ ಕಡೆ ಹೋಗುವುದಿದ್ದರೂ ಬಸ್ಸು ಸಿಗುವ ನಮ್ಮ ಊರು ಈಚಿನ ವರ್ಷಗಳಲ್ಲಿ ದಿಕ್ಕುದಿಕ್ಕಿಗೆ ಹಬ್ಬಿದೆ. ನಾನು ಮದುವೆಯಾಗಿ ಬಂದಾಗ ಜೋಳದ ಹೊಲವಾಗಿದ್ದ ಜಾಗದಲ್ಲಿ ಈಗ ನಾನು ಸದಸ್ಯೆಯಾಗಿರುವ ವಾರ್ಡು ಇದೆ. ಕೆಳಗೆ ಮಗ್ಗ, ಮೇಲೆ ಸಂಸಾರ, ಅಂಥ ಮನೆಗಳು. ಮನೆಗಳು ಬೆಳೆದಷ್ಟು ಬೇಗ ಪೈಪು ಬೆಳೆಯುವುದಿಲ್ಲವಲ್ಲ, ವಾರ್ಡಿನ ಕಡೆಯ ನಾಲ್ಕು ಸಾಲಿಗೆ ಟ್ಯಾಂಕರೇ ಗತಿಯಾಗಿತ್ತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಒಮ್ಮೆ ನನಗೆ ಇಡೀ ರಾಜಕಾರಣವನ್ನು ಹೇಳಿಕೊಟ್ಟಿದ್ದಳು.

“ನೋಡವಾ ತಂಗಿ, ನೀ ಅಧ್ಯಕ್ಷ ಆದಿ ಅಂದ್ರ ಪೈಪ ಬರತೈತಿ. ಆಗಲಿಲ್ಲ ಅಂದ್ರ ನಾ ಸಾಯೂತನಕ ಕೊಡ ಹೊರತೇನಿ. ನಡಕ ಏನೂ ಇಲ್ಲ.”

ಹಾಗೆಂದು ಕೊಡವನ್ನು ಸೊಂಟಕ್ಕೇರಿಸಿ ನಡೆದಳು. ನಡುವೆ ಏನೂ ಇಲ್ಲ ಎಂಬ ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಆ ಅವಧಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲೆಂದು ಆದೇಶ ಬಂದ ದಿನ, ನಮ್ಮ ಗುಂಪಿನ ಹಿರಿಯ ಸದಸ್ಯರು ನನ್ನ ಹೊಲಿಗೆ ಅಂಗಡಿಗೆ ಬಂದರು. ಅವರು ನನ್ನ ಗಂಡನಿಗೆ ದೂರದ ಚಿಕ್ಕಪ್ಪನಾಗಬೇಕು, ನಾನೂ ಕಾಕಾ ಎಂದೇ ಕರೆಯುತ್ತೇನೆ.

“ನಮ್ಮ ಕಡೆ ಹೆಣ್ಮಕ್ಕಳು ಐದು ಮಂದಿ ಅದೀರಿ,” ಅಂದರು ಕಾಕಾ. “ನಾಕ ಮಂದಿಗೆ ಒಬ್ಬರಿಗೊಬ್ಬರು ಆಗಿಬರಂಗಿಲ್ಲ. ನಿನ್ನ ಮ್ಯಾಲ ಯಾರಿಗೂ ಸಿಟ್ಟಿಲ್ಲ.”

“ನಾ ಯಾರ ಮುಂದೂ ಬಾಯಿ ತಗಿಯಂಗಿಲ್ಲಲ್ರಿ ಕಾಕಾ, ಅದಕ್ಕ ಸಿಟ್ಟಿಲ್ಲ.”

“ಅದನ್ನ ನಾನೂ ಹೇಳಾಕತ್ತೇನಿ. ಇನ್ನ ಹದಿನೈದ ದಿನ ಹಂಗ ಇರು.”

ನನ್ನ ಇಡೀ ಅರ್ಹತೆ ಇಷ್ಟು. ಸದಸ್ಯರು ಒಟ್ಟು ಮೂವತ್ತು, ನಮ್ಮ ಕಡೆ ನನ್ನನ್ನೂ ಹಿಡಿದು ಹದಿನಾರು, ಅವರ ಕಡೆ ಹದಿನಾಲ್ಕು. ನಮ್ಮವರಲ್ಲಿ ಒಬ್ಬರು ಜಾರಿ ಆ ಕಡೆ ಹೋದರೂ ಸಮಸಮ ಆಗಿ ಚೀಟಿ ಎತ್ತಬೇಕಾಗುತ್ತಿತ್ತು. ಚೀಟಿಯಲ್ಲಿ ನನಗೆ ಈ ಜನ್ಮದಲ್ಲಿ ಏನೂ ಬಂದದ್ದಿಲ್ಲ.

ಆಚೆ ಗುಂಪಿನಿಂದ ನಿಂತವರು ಹಳೇ ಪೇಟೆಯ ಅಕ್ಕಾರು. ಹಿಂದೆ ಒಮ್ಮೆ ಉಪಾಧ್ಯಕ್ಷರಾಗಿದ್ದವರು, ಮೈಕು ಕಂಡರೆ ನನ್ನ ಹಾಗೆ ಬೆವರುವವರಲ್ಲ. ತೊಂದರೆಯೇನೆಂದರೆ ಇಪ್ಪತ್ತು ವರ್ಷಗಳಿಂದ ಅವರ ಜಂಪರು ಹೊಲಿಯುವವಳು ನಾನೇ. ಚುನಾವಣೆಗೆ ನಾಲ್ಕು ದಿನವಿದ್ದಾಗ ಹಸಿರು ಬಟ್ಟೆ ಹಿಡಿದು ಬಂದರು.

“ನಿನ್ನ ವಿರುದ್ಧ ನಿಂತೇನಿ ಅಂತ ಕುತ್ತಿಗಿ ಸೊಟ್ಟ ಮಾಡೀ ಮತ್ತ.”

“ಛೇ, ಹಂಗ್ಯಾಕ ಅಂತೀರಿ ಅಕ್ಕಾರ. ತುಸು ಸಡಲ ಇಡ್ಲ್ಯಾ?”

“ಬ್ಯಾಡ. ಫೋಟೋದಾಗ ಛಲೋ ಕಾಣಂಗಿಲ್ಲ.”

“ಯಾವ ಫೋಟೋ ಅಕ್ಕಾರ?”

“ಹಾರ ಹಾಕೂ ಮುಂದ ತಗೀತಾರಲ್ಲ, ಅದು,” ಅಂದರು ನಗುತ್ತ. “ನೀನೂ ಬಾ ಅದರಾಗ. ಬಾಜೂಕ ನಿಲ್ಲಿಸಿಕೋತೇನಿ.”

ಆ ಜಂಪರನ್ನು ನಾನು ಎಂದಿಗಿಂತ ಹೆಚ್ಚು ಜಾಗ್ರತೆಯಿಂದ ಹೊಲಿದೆ. ಒಂದು ಹೊಲಿಗೆ ಬಿಚ್ಚಿಕೊಂಡರೂ ಒಳಸಂಚು ಅನ್ನುತ್ತಾರೆ. ಹುಕ್ಕುಗಳನ್ನು ಎರಡೆರಡು ಸಲ ಬಿಗಿದೆ. ಕೊಡುವಾಗ ಅವರು ಅದನ್ನು ಬೆಳಕಿಗೆ ಹಿಡಿದು, ಒಳಹೊಲಿಗೆ ಎಳೆದು ನೋಡಿ, “ಭಾರೀ ಮಾಡೀಯವಾ, ನಿನಗ ಈ ಕೆಲಸನ ಬರೋಬ್ಬರಿ,” ಅಂದರು. ಹೊಗಳಿದರೋ ಚುಚ್ಚಿದರೋ ಎಂದು ಎರಡು ದಿನ ವಿಚಾರ ಮಾಡಿದೆ. ಎರಡೂ ಇರಬೇಕು.

ಚುನಾವಣೆಗೆ ಮುನ್ನ ಸದಸ್ಯರನ್ನು ಊರಲ್ಲಿ ಬಿಡುವುದಿಲ್ಲ. ಬಿಟ್ಟರೆ ಯಾರೋ ಚಹಾಕ್ಕೆ ಕರೆಯುತ್ತಾರೆ, ಚಹಾ ಮುಗಿಯುವುದರೊಳಗೆ ಮನಸ್ಸು ಬದಲಾಗಿರುತ್ತದೆ. ದೊಡ್ಡ ಊರಿನವರು ಇದಕ್ಕೆ ಗೋವಾಕ್ಕೆ ಹೋಗುತ್ತಾರಂತೆ. ಕಾಕಾ ಅದನ್ನೇ ಎತ್ತಿದಾಗ ನಮ್ಮ ಹೆಣ್ಣು ಸದಸ್ಯರು, ಅಷ್ಟು ದಿನ ಎಮ್ಮೆ ಹಿಂಡುವವರು ಯಾರು ಎಂದು ಕೇಳಿದರು. ಹಾಗಾಗಿ ಎರಡೇ ದಿನಕ್ಕೆಂದು, ಚಿಕ್ಕಪಡಸಲಗಿಯ ಹತ್ತಿರ ಹೊಳೆಯ ದಂಡೆಗಿದ್ದ ಕಾಕಾನ ಬೀಗರ ತೋಟದ ಮನೆಗೆ ಹೋದೆವು. ಗೋವಾದಲ್ಲಿ ಸಮುದ್ರವಿದ್ದರೆ ಇಲ್ಲಿ ಕಬ್ಬು.

ಮುಟ್ಟಿದ ಕೂಡಲೇ ಕಾಕಾ ಎಲ್ಲರ ಫೋನು ಕೇಳಿ ತೆಗೆದುಕೊಂಡರು. ಇಡಲು ಬೇರೇನೂ ಸಿಗದೆ ದೊಡ್ಡ ರೊಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದು, ಅದರ ಮೇಲೆ ಕೈಯಿಟ್ಟು ಕೂತರು. ಫೋನು ಬಂದಾಗಲೆಲ್ಲ ಡಬ್ಬಿ ಗುಂಯ್ ಎಂದು ನಡುಗುತ್ತಿತ್ತು. ಮೊದಲ ಮಧ್ಯಾಹ್ನ ಹೆಚ್ಚಾಗಿ ನಡುಗಿದ್ದು ಒಬ್ಬ ವಯಸ್ಸಾದ ಸದಸ್ಯರ ಫೋನಿನಿಂದ. ಬೀರೇಶ್ವರನ ಒಕ್ಕಲು, ಮನೆಯಲ್ಲಿ ದೊಡ್ಡ ಕುರಿ ಹಿಂಡು. ಎಲ್ಲರೂ ಅವರಿಗೆ ಮಾಮಾ ಅನ್ನುತ್ತಿದ್ದರು.

“ಅದು ನಂದ ಐತಿ. ಕುರಿ ಈಯಾಕ ಬಂದಾವು, ಮನ್ಯಾಗ ಕೇಳಾಕತ್ತಿರಬೇಕು,” ಅಂದರು ಮಾಮಾ.

“ನಾಳೆ ಮುಂಜಾನೆ ಎತ್ತೀರಂತ,” ಅಂದರು ಕಾಕಾ.

“ನಾಳಿತನಕ ತಡಿ ಅಂತ ಕುರೀಗೆ ಯಾರ ಹೇಳಬೇಕು? ನೀ ಹೇಳತೀಯೇನ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕುರಿಯೇ ಇರಬಹುದು, ಕುರಿಯ ಹೆಸರಿನಲ್ಲಿ ಹಳೇ ಪೇಟೆಯೂ ಇರಬಹುದು. ಆಮೇಲೆ ಮಾಮಾನ ಮೇಲೆ ಒಂದು ಕಣ್ಣಿಟ್ಟೆ. ಅವರು ಎದ್ದರೆ ಎದ್ದೆ, ಬಾವಿಯ ಕಡೆ ಹೋದರೆ ಕೊತ್ತಂಬರಿ ಕೀಳುವ ನೆವದಿಂದ ಹಿಂದೆ ಹೋದೆ. ಗಳಿಗೆಗೊಮ್ಮೆ ಚಹಾ ಕೊಟ್ಟೆ.

“ಯಾಕವಾ, ಇದು ಆರನೇದು,” ಅಂದರು ಮಾಮಾ ಕೊನೆಗೆ. “ನಾ ಎಲ್ಲಿಗೂ ಓಡಿ ಹೋಗಂಗಿಲ್ಲ. ಕುಂಡ್ರು ಸುಮ್ಮ.”

ನಾಚಿಕೆಯಾಯಿತು. ಆದರೂ ಏಳನೆಯದನ್ನು ಸಂಜೆಗೆಂದು ಮನಸ್ಸಿನಲ್ಲೇ ತೆಗೆದಿರಿಸಿದೆ.

ಇಳಿಹೊತ್ತಿನಲ್ಲಿ ನಾವು ಹೆಂಗಸರು ಹೊಳೆಯ ಕಡೆ ನಡೆದೆವು. ಅಲ್ಲಿಯ ಅಡ್ಡಗಟ್ಟೆ ಆ ಭಾಗದ ರೈತರು ತಾವೇ ನಿಂತು ಕಟ್ಟಿಕೊಂಡದ್ದು. ಅದರ ಹಿಂದೆ ಕೃಷ್ಣೆ ಕದಲದೆ ನಿಂತಿದ್ದಳು. ಅಷ್ಟು ನೀರನ್ನು ಒಟ್ಟಿಗೆ ನೋಡಿದರೆ ಮನಸ್ಸು ತಣ್ಣಗಾಗಬೇಕು. ನಾನು ಮಾತ್ರ ಅಲ್ಲಿ ನಿಂತು, ನಮ್ಮ ನಾಲ್ಕು ಸಾಲು ಮನೆಗಳಿಗೆ ಇದರಲ್ಲಿ ಎಷ್ಟು ಕೊಡ ಸಾಕು ಎಂದು ಯೋಚಿಸುತ್ತಿದ್ದೆ. ಜೊತೆಗಿದ್ದವರು ಕಾಲು ತೊಳೆದು, ಒಬ್ಬರ ಮೇಲೊಬ್ಬರು ನೀರು ಸಿಡಿಸಿ, ಸೊಸೆಯಂದಿರನ್ನು ಬೈದು ಹಗುರಾದರು. ಜಗಳಗಂಟಿಯರೆಂದು ಕಾಕಾ ಹೇಳಿದ್ದ ನಾಲ್ವರೂ ಆ ಹೊತ್ತು ಒಂದೇ ಕಲ್ಲಿನ ಮೇಲೆ ಕೂತಿದ್ದರು. ನನಗೂ ಒಂದು ಕ್ಷಣ, ಆದದ್ದಾಗಲಿ ಎನಿಸಿತು. ಒಂದೇ ಕ್ಷಣ.

ಚುನಾವಣೆಯ ದಿನ ಟೆಂಪೊ ಹತ್ತೂವರೆಗೆ ಊರು ಮುಟ್ಟಿತು. ಟ್ರ್ಯಾಕ್ಟರುಗಳು ಅಡ್ಡ ಬರಲಿಲ್ಲ. ಮೆಟ್ಟಿಲು ನಿಧಾನವಾಗಿ ಹತ್ತಿದೆ, ನೆರಿಗೆ ತೊಡರಲಿಲ್ಲ. ನಾಮಪತ್ರ ಸರಿಯಿತ್ತು, ಸೂಚಕರು ಸೂಚಿಸಿದರು, ಅನುಮೋದಕರು ಅನುಮೋದಿಸಿದರು. ಹಸಿರು ಜಂಪರಿನ ಅಕ್ಕಾರು ಎದುರಿನ ಸಾಲಿನಿಂದ ನನಗೆ ಕಣ್ಣಲ್ಲೇ ನಕ್ಕರು. ಕುತ್ತಿಗೆ ಸರಿಯಾಗಿ ಕೂತಿತ್ತು.

ಚುನಾವಣಾಧಿಕಾರಿ ನನ್ನ ಹೆಸರನ್ನು ಮೊದಲು ಕರೆದರು. “ಇವರ ಪರವಾಗಿ ಇರುವ ಸದಸ್ಯರು ಕೈ ಎತ್ತಬೇಕು. ಎಣಿಕೆ ಮುಗಿಯುವವರೆಗೆ ಇಳಿಸಬಾರದು.”

ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಮಾಮಾ. ಅಂಗೈಯನ್ನು ನನ್ನ ಕಡೆಗೆ ತಿರುಗಿಸಿ, ಹಿರಿಯರು ಹರಸುವಾಗ ಎತ್ತುತ್ತಾರಲ್ಲ, ಹಾಗೆ ಎತ್ತಿದರು. ಆರು ಚಹಾದ ನಾಚಿಕೆಯೆಲ್ಲ ಒಮ್ಮೆಲೇ ಮೇಲೆದ್ದು ಬಂತು. ನಮ್ಮಲ್ಲಿ ಹಿರಿಯರು ಹಾಗೆ ಕೈ ಎತ್ತಿದರೆ ಯಾರೂ ಸುಮ್ಮನೆ ಕೂಡುವುದಿಲ್ಲ. ಎದ್ದು ನಿಂತು ಎರಡೂ ಕೈ ಜೋಡಿಸಿದೆ. ಅಷ್ಟರಲ್ಲಿ ಎಡಗಡೆ ಐದಾರು ಕೈ ಎದ್ದವು, ಅತ್ತ ತಿರುಗಿ ನಮಸ್ಕಾರ ಮಾಡಿದೆ. ಬಲಗಡೆಯೂ ಎದ್ದವು, ಇತ್ತ ತಿರುಗಿದೆ. ಹಿಂದಿನ ಸಾಲಿನಲ್ಲಿದ್ದ ನಾಲ್ವರು ಹೆಂಗಸರೂ ಎತ್ತಿದ್ದರು, ಅವರಿಗೂ ಬಾಗಿದೆ. ಕಣ್ಣು ತುಂಬಿ ಕೈಗಳೆಲ್ಲ ಮಸುಕಾಗಿ ಕಂಡವು.

“ಪರವಾಗಿ ಇರುವವರು ಎಲ್ಲರೂ ಕೈ ಎತ್ತಿದ್ದೀರಾ?” ಎಂದು ಅಧಿಕಾರಿ ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದು ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು.

ಗುಮಾಸ್ತರು ಹೆಸರುಗಳನ್ನು ಬರೆದುಕೊಂಡರು. ಅಧಿಕಾರಿ ಎಣಿಸಿದರು. “ಹದಿನೈದು.”

ಕಾಕಾ ಕುರ್ಚಿಯಲ್ಲೇ ಗರಕ್ಕನೆ ಹಿಂದಕ್ಕೆ ಹೊರಳಿದರು. ಹದಿನಾರಿರಬೇಕಿತ್ತು. ಒಬ್ಬರು ಜಾರಿದ್ದಾರೆ. ಜಾರಿದವರು ಆಚೆ ಕಡೆ ಎತ್ತಿದರೆ ಹದಿನೈದಕ್ಕೆ ಹದಿನೈದು, ಆಮೇಲೆ ಚೀಟಿ. ಚೀಟಿ ಎಂದ ಕೂಡಲೇ ನನ್ನ ಕಣ್ಣ ಮುಂದೆ ಕಂಡದ್ದು ಟ್ಯಾಂಕರು ಮತ್ತು ಆ ಮುದುಕಿಯ ಸೊಂಟದ ಕೊಡ.

“ಯಾಂವಲೇ ಅಂವ?” ಅಂದರು ಕಾಕಾ, ಅರ್ಧ ಪಿಸುಮಾತಿನಲ್ಲಿ. ಪಿಸುಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು. “ಎರಡ ದಿನ ನನ್ನ ಬೀಗರ ರೊಟ್ಟಿ ತಿಂದು!”

“ನನ್ನ ಕಡೆ ನೋಡಬ್ಯಾಡ. ನಾ ಎಲ್ಲಾರಕಿಂತ ಮೊದಲ ಎತ್ತೇನಿ,” ಅಂದರು ಮಾಮಾ.

“ನಾವು ನಾಕೂ ಮಂದಿ ಎತ್ತೇವ್ರಿ ಕಾಕಾ. ನೀವ ಎತ್ತೀರಿಲ್ಲೋ?” ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು.

“ನಿಶ್ಶಬ್ದ,” ಅಂದರು ಅಧಿಕಾರಿ, ಅಕ್ಕಾರ ಹೆಸರು ಕರೆದರು. ಎದುರಿನ ಸಾಲಿನ ಕೈಗಳು ಎದ್ದವು. ನಾನು ಎಣಿಸಲು ನೋಡಿದೆ, ಏಳರ ಮೇಲೆ ಲೆಕ್ಕ ತಪ್ಪಿತು. ಎರಡನೇ ಸಲ ಹನ್ನೊಂದಕ್ಕೆ ತಪ್ಪಿತು. ಅಧಿಕಾರಿಗೆ ತಪ್ಪಲಿಲ್ಲ.

“ಹದಿನಾಲ್ಕು.”

ನಮ್ಮ ಕಡೆ ಯಾರೋ ಮೇಜು ಗುದ್ದಿದರು. ಮಾಮಾ ಎದ್ದು ನಿಂತರು, ಕಾಕಾ ಅವರ ತೋಳು ಹಿಡಿದು ಕೂರಿಸಿದರು. ಅಧಿಕಾರಿ ನನ್ನ ಹೆಸರು ಹೇಳಿ, ಒಂದು ಮತದ ಅಂತರದಿಂದ ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆಂದು ಘೋಷಿಸಿದರು. ಅಕ್ಕಾರು ಎಲ್ಲರಿಗಿಂತ ಮುಂದೆ ಬಂದು ನನ್ನ ಭುಜ ಹಿಡಿದು, “ಆತು, ಪೈಪ ಹಾಕಸು ನಡಿ,” ಅಂದರು. ಸೋತ ಗಳಿಗೆಯಲ್ಲಿ ಅಷ್ಟು ನೆಟ್ಟಗೆ ಮಾತಾಡುವುದು ನನ್ನಿಂದ ಆಗುತ್ತಿರಲಿಲ್ಲ. ಗೆದ್ದ ಗಳಿಗೆಯಲ್ಲೂ ಆಗಲಿಲ್ಲ. ಸುಮ್ಮನೆ ಅವರ ಕೈ ಹಿಡಿದುಕೊಂಡೆ.

ಕಾಕಾಗೆ ಮಾತ್ರ ಸಮಾಧಾನವಿರಲಿಲ್ಲ.

“ಸಾಹೇಬ್ರ, ಒಂದು ಕಡಿಮಿ ಬಿತ್ತಲ್ರಿ. ಯಾರದು ಅದು? ಹೆಸರ ಓದ್ರಿ. ಊರಿಗೆ ಗೊತ್ತಾಗಲಿ.”

ಅಧಿಕಾರಿ ವಹಿ ನೋಡಿದರು. ನಂತರ ನನ್ನನ್ನು ನೋಡಿದರು. ನಾನು ಮತ್ತೆ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದೆ.

“ಓದೋದು ಬೇಡ ಬಿಡಿ,” ಅಂದರು ತಣ್ಣಗೆ. “ಸಹಿ ಮಾಡುವಾಗ ಅವರೇ ನೋಡಿಕೊಳ್ಳುತ್ತಾರೆ.”

ಹಾಗೆಂದು ವಹಿಯನ್ನು ನನ್ನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟರು. ಪರ ಎಂಬ ಕಾಲಮಿನಲ್ಲಿ ಹದಿನೈದು ಹೆಸರು, ವಿರುದ್ಧ ಎಂಬುದರಲ್ಲಿ ಹದಿನಾಲ್ಕು. ತಟಸ್ಥ ಎಂಬುದರ ಕೆಳಗೆ ಒಂದೇ ಒಂದು ಹೆಸರಿತ್ತು. ಅದರ ಮುಂದೆ ಸಹಿ ಮಾಡಿದೆ.