ಆರು ಸೆಲ್ಲಿನ ಹಾಡುಗಾರ

ಮಧುಗಿರಿಯಿಂದ ಶಿರಾಕ್ಕೆ ಹೊರಟ ಖಾಸಗಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ಸಂಭ್ರಮಕ್ಕೆ ಪ್ರಭುದೇವ್ ಇಯರ್‌ಫೋನಿನ ಎರಡು ಗುಂಡಿಗಳನ್ನು ಎರಡು ಕಿವಿಗೂ ಸರಿಯಾಗಿಯೇ ತುರುಕಿಕೊಂಡ. ಇನ್ನೊಂದು ತುದಿಯನ್ನು ಫೋನಿಗೆ ಚುಚ್ಚುವುದನ್ನು ಮಾತ್ರ ಮರೆತ. ಏನೂ ಸರಿಯಾಗಿ ಕೇಳಿಸಲಿಲ್ಲ. ಐವತ್ತೇಳು ವರ್ಷದ ಕಿವಿಗಳು, ಅವುಗಳದೇ ತಪ್ಪಿರಬೇಕೆಂದು ಸೌಂಡನ್ನು ಕೊನೆಯವರೆಗೂ ಏರಿಸಿದ.

ಬಸ್ಸಿನ ಉದ್ದಕ್ಕೂ ಕೀರಲು ದನಿಯೊಂದು ಹಾರಾಡಿತು.

"ಯಾರ್ರೀ ಅದು ಕೋಳಿಮರಿ ತಂದಿರೋರು?" ಎಂದು ಕಂಡಕ್ಟರ್ ಹಿಂದಿನಿಂದ ಕೂಗಿದ. "ಸೀಟಿನ ಕೆಳಗೆ ಬಚ್ಚಿಟ್ಕೊಂಡ್ರೆ ಗೊತ್ತಾಗಲ್ಲ ಅನ್ಕೊಂಡ್ರಾ? ಲಗೇಜ್ ಟಿಕೆಟ್ ತಗಳ್ರೀ."

"ಕೋಳಿ ಅಲ್ಲ ಕಣಪ್ಪಾ, ಯಾರೋ ಕೂಸ್ನ ಚಿವುಟ್ತಾವ್ರೆ," ಎಂದಳು ಮುಂದಿನ ಸೀಟಿನ ಅಜ್ಜಿ, ಸಿಟ್ಟಿನಿಂದ.

ಪ್ರಭುದೇವ್ ಫೋನನ್ನು ಅಂಗಿಯೊಳಗೆ ಅವುಚಿಕೊಂಡು ಎದ್ದುನಿಂತ. ಏಳುವ ಅಗತ್ಯವಿರಲಿಲ್ಲ, ಎದ್ದದ್ದರಿಂದ ಎಲ್ಲರಿಗೂ ಅವನೇ ಎಂದು ಖಚಿತವಾಯಿತು. "ಹಾಡು ಸ್ವಾಮಿ, ಇದು ಹಾಡು," ಎಂದ. ಕಂಡಕ್ಟರ್ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಹಾಡಾ?" ಎಂದವನು ಲಗೇಜ್ ಟಿಕೆಟ್ಟಿನ ಮಾತನ್ನೇ ಬಿಟ್ಟು, ಕಾಯಿಲೆಯವರ ಪಕ್ಕ ಹಾಯುವ ಹಾಗೆ ಮುಂದೆ ಹೋದ.

ಹಾಡೇ ಹೌದು. ಹಾಡಿದವನು ಶಿರಾದ ಮುಜಾಮಿಲ್. ಮೂವತ್ತೆರಡು ವರ್ಷದ ಕೆಳಗೆ ಅದನ್ನು ಕ್ಯಾಸೆಟ್ಟಿಗೆ ಇಳಿಸಿದವನು, ಆಗ ಶಿರಾದಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಇದೇ ಪ್ರಭುದೇವ್. ಈಗ ಅವನಿಗೆ ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿ. ಒಟ್ಟಿನಲ್ಲಿ ಜೀವಮಾನವೆಲ್ಲ ಬೇರೆಯವರದ್ದನ್ನು ನಕಲು ಮಾಡಿ ಕೊಟ್ಟವನು, ಅದನ್ನೂ ಒಮ್ಮೆ ಸರಿಯಾಗಿ ಮಾಡಲಿಲ್ಲ. ಆ ಒಮ್ಮೆಯ ತಪ್ಪನ್ನು ಒಪ್ಪಿಕೊಳ್ಳಲೆಂದೇ ಇವತ್ತು ಬಸ್ಸು ಹತ್ತಿದ್ದ.

ಮುಜಾಮಿಲ್‌ನದು ಅಪ್ಪನ ಕಾಲದಿಂದ ಹತ್ತಿ ಹಿಂಜಿ ಹಾಸಿಗೆ ತುಂಬುವ ಕಸುಬು. ಹರೆಯದಲ್ಲಿ ಬೆಂಗಳೂರಿನ ದೊಡ್ಡ ಹೋಟೆಲೊಂದರ ಹಾಸಿಗೆಗಳನ್ನು ಬಿಚ್ಚಿ ತುಂಬಲು ಹೋಗಿದ್ದಾಗ, ಕೆಳಗಿನ ಹಾಲಿನಲ್ಲಿ ಇಂಗ್ಲಿಷ್ ಬ್ಯಾಂಡಿನವರು ಅಭ್ಯಾಸ ಮಾಡುವುದನ್ನು ಮೂರು ವಾರ ಕೇಳಿಸಿಕೊಂಡ. ಊರಿಗೆ ಬಂದವನೇ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿದ. ಮರದ ಕೊಡತಿಯಿಂದ ಅದರ ತಂತಿಗೆ ಬಾರಿಸಿದರೆ ಎದೆ ನಡುಗುವಂಥ ಸದ್ದು ಬರುತ್ತಿತ್ತು. ಅದೇ ಅವನ ಗಿಟಾರು. ಹಾಸಿಗೆಗೆ ಹೊಲಿಯುವ ಪಟ್ಟೆಪಟ್ಟೆ ಬಟ್ಟೆಯಲ್ಲೇ ಉದ್ದನೆಯ ಕೋಟು ಹೊಲಿಸಿಕೊಂಡ. ಹಾಡುವ ಮುಂಚೆ ತನ್ನ ಎರಡೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ. "ಕೇಳೋರು ನೀವು, ನಂಗ್ಯಾಕೆ?" ಎನ್ನುತ್ತಿದ್ದ. ಎರಡು ವರ್ಷ ಮದುವೆ ಆರ್ಕೆಸ್ಟ್ರಾ ಒಂದರಲ್ಲಿದ್ದ. ಅವರು ಸಿನಿಮಾ ಹಾಡು ಹಾಡು ಅಂದರು, ಇವನು ತಿಗಣೆಯ ಮೇಲೆ ಹಾಡಿದ. ಅಲ್ಲಿಗೆ ಆ ಸಂಬಂಧ ಮುಗಿದು, ಒಬ್ಬನೇ ಒಂದು ಕ್ಯಾಸೆಟ್ ಮಾಡುವುದೆಂದು ತೀರ್ಮಾನವಾಯಿತು. ಅದರ ಹೆಸರು 'ಹತ್ತಿ'. ಏಳು ಹಾಡು, ಎಲ್ಲವೂ ಅವನವೇ.

ರೆಕಾರ್ಡಿಂಗ್ ದಿನ ಮಧ್ಯಾಹ್ನ ಕರೆಂಟು ಹೋಯಿತು. ಆರು ಸೆಲ್ಲು ಹಾಕಿದರೆ ಟೇಪ್‌ರೆಕಾರ್ಡರ್ ಓಡುತ್ತದೆ. ಹೊಸ ಸೆಲ್ಲು ತರಲು ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆಯಬೇಕಿತ್ತು. ಪ್ರಭುದೇವ್ ಅಂಗಡಿಯ ಹಿಂದೆ ಹೋಗಿ, ರೇಡಿಯೊದಲ್ಲಿ ತಿಂಗಳುಗಟ್ಟಲೆ ದುಡಿದಿದ್ದ ಸೆಲ್ಲುಗಳನ್ನು ಅಂಗಿಗೆ ಒರೆಸಿ ಹೊಳಪು ಮಾಡಿ ತಂದು, "ಹೊಸಾವು," ಎಂದ. ಆಮೇಲೆ ತಾನೇ ಕೂತು ಶ್ರುತಿಪೆಟ್ಟಿಗೆ ಒತ್ತಿದ.

ಸೆಲ್ಲು ಸೋತರೆ ಹಾಡು ಎಳೆದಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ರೆಕಾರ್ಡ್ ಮಾಡುವಾಗ ಸೋತರೆ ಆಗುವುದು ಇದರ ತಿರುವುಮುರುವು: ಟೇಪು ನಿಧಾನ ಓಡಿರುತ್ತದೆ, ಮುಂದೆ ಒಳ್ಳೆಯ ಕರೆಂಟಿನಲ್ಲಿ ಹಾಕಿದಾಗ ದನಿ ಓಡುತ್ತದೆ, ಏರುತ್ತದೆ. ಮೊದಲ ಹಾಡಿನಲ್ಲಿ ಮನುಷ್ಯನಾಗಿದ್ದ ಮುಜಾಮಿಲ್ ನಾಲ್ಕನೆಯದರಲ್ಲಿ ಹುಡುಗನಾದ, ಏಳನೆಯದರಲ್ಲಿ ಹಕ್ಕಿಯಾದ.

ಕ್ಯಾಸೆಟ್ ಕೇಳಿದ ದಿನವೇ ಮುಜಾಮಿಲ್ ಹೇಳಿದ್ದ: "ಪ್ರಭು, ಇದು ನನ್ ದನಿ ಅಲ್ಲ ಕಣ್ಲಾ."

"ಎಲ್ರಿಗೂ ಅಂಗೇ ಅನ್ಸೋದು," ಎಂದಿದ್ದ ಪ್ರಭುದೇವ್. "ನಮ್ ದನಿ ನಮಗೆ ಒಳಗಿಂದ ಬೇರೆ ಕೇಳ್ತದೆ, ಹೊರಗಿಂದ ಬೇರೆ. ಸೈನ್ಸು ಅದು."

ಸೈನ್ಸ್ ಎಂದ ಮೇಲೆ ಹಾಸಿಗೆ ಹೊಲಿಯುವವನು ಏನು ವಾದಿಸುತ್ತಾನೆ? ಸುಮ್ಮನಾದ. ಕ್ಯಾಸೆಟ್ ಮಾತ್ರ ಸುಮ್ಮನಿರಲಿಲ್ಲ. ಹುಲಿಕುಂಟೆಯಿಂದ ಪಾವಗಡದವರೆಗೆ ಟೆಂಪೊಗಳಲ್ಲಿ, ಕಟಿಂಗ್ ಶಾಪುಗಳಲ್ಲಿ ಕೂಗಿತು. ಜನ ಮುಜಾಮಿಲ್‌ನನ್ನು ಸ್ಟೇಜಿಗೆ ಕರೆದರು. ಅವನು ತನ್ನ ದನಿಯಲ್ಲಿ ಶುರು ಮಾಡಿದರೆ, "ಕ್ಯಾಸೆಟ್ಟಿನಂಗೆ ಹಾಡಲೇ!" ಎನ್ನುತ್ತಿದ್ದರು. ಪಾವಗಡದ ಕಡೆ, "ಪಿಟ್ಟ ಪಾಟ ಪಾಡು!" ಎಂದು ತೆಲುಗಿನಲ್ಲಿ ಹಕ್ಕಿಯ ಹಾಡನ್ನೇ ಬೇಡಿ ಸೀಟಿ ಹೊಡೆಯುತ್ತಿದ್ದರು. ತಾನು ಎಂದೂ ಹಾಡಿರದ ಆ ದನಿಯನ್ನು ಹಿಡಿಯಲು ಅವನು ಹನ್ನೊಂದು ವರ್ಷ ಗಂಟಲು ಹರಿದುಕೊಂಡ. ಒಂದು ದಿನ ಪೂರ್ತಿ ಹರಿಯಿತು. ಡಾಕ್ಟರು ಹಾಡಬೇಡ ಎಂದರು. ಜನ ಬರುವುದು ನಿಂತಿತು. ಬಂದವರೂ ಹಕ್ಕಿಗಾಗಿ ಬಂದವರು, ಮುಜಾಮಿಲ್‌ಗಾಗಿ ಬಂದವರು ಯಾರಿರಲಿಲ್ಲ.

ಈಗ ಬೆಂಗಳೂರಿನ ಸಣ್ಣದೊಂದು ಕಂಪನಿಯ ಭುವನಾ ಎಂಬ ಹುಡುಗಿ ಈ ಹಳೆಯ ಕ್ಯಾಸೆಟ್ಟನ್ನು ಹುಡುಕಿ ತೆಗೆದಿದ್ದಳು. ಶುಚಿ ಮಾಡಿ, ರೀಮಾಸ್ಟರ್ ಮಾಡಿ, ಕಪ್ಪು ಗ್ರಾಮಫೋನ್ ತಟ್ಟೆಯಾಗಿ ಹೊರತರುವವಳಿದ್ದಳು. ಕ್ಯಾಸೆಟ್ಟಿನ ಕವರಿನ ಮೇಲಿದ್ದ ಹೆಸರು ಹಿಡಿದು ನಿನ್ನೆ ಅವಳು ಪ್ರಭುದೇವ್‌ಗೆ ಫೋನು ಮಾಡಿದ್ದಳು.

"ಅಂಕಲ್, ಒಂದು ವಿಚಿತ್ರ. ಹಾಡಿನ ಜೊತೆ ಶ್ರುತಿಪೆಟ್ಟಿಗೇನೂ ಮೇಲೆ ಹೋಗ್ತಾ ಇದೆ. ಹಾಡೋರು ಬೇಕಾದ್ರೆ ಏರಬಹುದು, ಪೆಟ್ಟಿಗೆ ಹೇಗೆ ಏರುತ್ತೆ? ನಮ್ಮ ಇಂಜಿನಿಯರ್ ಸ್ಪೀಡ್ ಸರಿ ಮಾಡಿದ್ದಾರೆ. ಎರಡೂ ಕಳಿಸ್ತೀನಿ. ಕ್ಯಾಸೆಟ್‌ನಲ್ಲಿದ್ದ ಹಾಗೇ ಒಂದು, ಸರಿ ಮಾಡಿದ್ದು ಒಂದು. ಯಾವುದು ಹಾಕ್ಬೇಕು ಅಂತ ನಾಳೆ ಸಂಜೆಯೊಳಗೆ ಹಾಡಿದವರನ್ನೇ ಕೇಳಿ ಹೇಳಿ."

ಪ್ರಭುದೇವ್ ಅಡುಗೆಮನೆಗೆ ಹೋಗಿ ಹೆಂಡತಿ ಇಂದ್ರಮ್ಮನಿಗೆ ಎಲ್ಲವನ್ನೂ ಹೇಳಿದ.

"ಅಂದ್ರೆ ಆ ಮನುಷ್ಯನ ಗಂಟಲು ಹಾಳಾಗಿದ್ದು ನಿಮ್ಮ ಸೆಲ್ಲಿನಿಂದ," ಎಂದಳು ಅವಳು, ಒಗ್ಗರಣೆಗೆ ಸಾಸಿವೆ ಹಾಕುತ್ತಾ.

"ಅಂಗೆ ನೇರವಾಗಿ ಹೇಳಿದ್ರೆ..."

"ಇನ್ನೆಂಗೆ ಹೇಳ್ತಾರ್ರೀ? ಅವರ ಹೆಂಡ್ತಿ ರಹಮತ್ ಬಿ ತೀರ್ಕೊಂಡಾಗ ನೋಡ್ಕೊಂಡು ಬಂದೋರು ನೀವು. ನಾಲ್ಕು ವರ್ಷ ಆಯ್ತು. ಹೋಗಿ, ಬಾಯಿ ಬಿಟ್ಟು ಹೇಳಿ ಬನ್ನಿ."

ಶಿರಾದಲ್ಲಿ ಇಳಿದು ಆ ಗಲ್ಲಿಗೆ ತಿರುಗಿದಾಗ ಮುಜಾಮಿಲ್‌ನ ಅಂಗಡಿ ಇನ್ನೂ ಚಿಕ್ಕದಾದಂತೆ ಕಂಡಿತು. ಎರಡು ಪಕ್ಕಕ್ಕೂ ಎದುರಿಗೂ ಫೋಮ್ ಹಾಸಿಗೆಯ ಗಾಜಿನ ಅಂಗಡಿಗಳು ಬಂದಿದ್ದವು. ಒಳಗೆ ಅವನು ಒಬ್ಬನೇ ಕೂತು, ಹಳೆಯ ರೂಢಿಯಂತೆ ಕಿವಿಗಳಿಗೆ ಹತ್ತಿ ಇಟ್ಟುಕೊಂಡು, ಉದ್ದ ಸೂಜಿಯಿಂದ ಒಂದು ಹಾಸಿಗೆಗೆ ಅಂಚು ಹೊಲಿಯುತ್ತಿದ್ದ. ಗೋಡೆಯಲ್ಲಿ ಬಿಲ್ಲು ತೂಗುತ್ತಿತ್ತು, ತಂತಿ ಇರಲಿಲ್ಲ.

"ಬಾ," ಎಂದ, ನಿನ್ನೆ ಸಂಜೆ ಎದ್ದುಹೋದವನು ಬಂದ ಹಾಗೆ. ದನಿ ಒಡೆದ ಮಡಕೆಯಂತಿತ್ತು. "ಚಾಯ್ ಹೇಳ್ಲಾ?"

"ಬ್ಯಾಡ. ನಿನ್ ಮಗಳು ಅತಿಯಾ ಹೆಂಗವಳೆ?"

"ಪಾವಗಡದಾಗವಳೆ. ಜುಮ್ಮಾ ದಿನ ಫೋನ್ ಮಾಡ್ತಾಳೆ. ಮಿಕ್ಕಿದ್ ದಿನ ಮಾತಿಲ್ಲ, ಗಂಟಲಿಗೆ ಒಳ್ಳೇದು."

ಪ್ರಭುದೇವ್ ತಟ್ಟೆಯ ವಿಷಯ ಹೇಳಿ, ಇಯರ್‌ಫೋನಿನ ಗೊಡವೆ ಬೇಡವೆಂದು ಫೋನನ್ನು ಹಾಸಿಗೆಯ ಮೇಲೇ ಇಟ್ಟು, ಏಳನೆಯ ಹಾಡನ್ನು ಮೊದಲು ಇದ್ದ ಹಾಗೇ ಹಾಕಿದ. ಹಕ್ಕಿ ಕೂಗಿತು. ಮುಜಾಮಿಲ್ ಹೊಲಿಯುವುದನ್ನು ನಿಲ್ಲಿಸಲಿಲ್ಲ.

ಎರಡನೆಯದನ್ನು ಹಾಕಿದ.

ಬಿಲ್ಲಿನ ತಂತಿ ಗುಂಯ್ ಎಂದು ನಿಧಾನ ಅದುರಿತು. ಅದರ ಮೇಲೆ ಒಂದು ತಗ್ಗಿದ, ಅಗಲವಾದ ದನಿ, ಆತುರವಿಲ್ಲದೆ: "ಊರಿನ ಹಾಸಿಗೆ ತುಂಬಿದೆ ನಾನು, ಚಾಪೆಯ ಮೇಲೆ ಮಲಗಿದೆ." ಇದೇ ಸಾಲಿಗೆ ಅಲ್ಲವೇ ಪಾವಗಡದಲ್ಲಿ ಜನ ಬಿದ್ದು ಬಿದ್ದು ನಕ್ಕಿದ್ದು? ಈಗ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಸೂಜಿ ನಿಂತಿತು. ಮುಜಾಮಿಲ್ ಒಂದು ಕಿವಿಯಿಂದ ಹತ್ತಿ ತೆಗೆದ. ಆಮೇಲೆ ಇನ್ನೊಂದರಿಂದ. ಹಾಡು ಮುಗಿದ ಮೇಲೂ ಫೋನನ್ನೇ ನೋಡುತ್ತಿದ್ದ.

"ಯಾರಿವನು?"

"ನೀನೇ ಕಣೋ ಮುಜ್ಜು," ಎಂದ ಪ್ರಭುದೇವ್. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಬಸ್ಸಿನಲ್ಲೇ ಉಳಿದಿದ್ದವು. "ಆವತ್ತು ಕರೆಂಟ್ ಹೋಗಿತ್ತಲ್ಲ, ನಾನು ಹಾಕಿದ ಸೆಲ್ಲು ಹೊಸಾವಲ್ಲ. ರೇಡಿಯೊದಾಗಿದ್ದ ಹಳೇವು. ದನಿ ಏರಿದ್ದು ಅದಕ್ಕೇ. ಸೈನ್ಸ್ ಗೀನ್ಸ್ ಏನೂ ಅಲ್ಲ."

"ಹಳೇವು ಅಂತ ಗೊತ್ತಿತ್ತು," ಎಂದ ಮುಜಾಮಿಲ್. "ರೆಕಾರ್ಡಿಂಗ್ ಮುಗಿದ್ ಮ್ಯಾಲೆ ಎರಡು ಸೆಲ್ಲು ನಂಗೇ ಕೊಟ್ಟಲ್ಲ, ಟಾರ್ಚಿಗೆ ಇಟ್ಕೋ ಅಂತ. ಗಲ್ಲಿ ತಿರುಗೋದ್ರಾಗೆ ಆರೋದ್ವು. ಚರಂಡಿಗೆ ಬಿದ್ದೆ."

"ಗೊತ್ತಿದ್ದೂ ಸುಮ್ನಿದ್ಯಾ?"

"ಸೆಲ್ಲು ಸತ್ತಿದ್ವು ಅಂತ ಗೊತ್ತಿತ್ತು. ದನಿ ನಂದಲ್ಲ ಅಂತ್ಲೂ ಗೊತ್ತಿತ್ತು. ಎರಡನ್ನೂ ಸೇರ್ಸಿ ನೋಡಿರ್ಲಿಲ್ಲ. ನೀನು ಸೈನ್ಸ್ ಅಂದ್ಯಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪ್ರಭುದೇವ್ ಹಾಸಿಗೆಯ ಅಂಚಿನ ದಾರವನ್ನು ಸುಮ್ಮನೆ ಎಳೆಯುತ್ತಾ ಕೂತ. ಮುಜಾಮಿಲ್ ಅವನ ಕೈಯಿಂದ ದಾರ ಬಿಡಿಸಿ, "ಹೊಲಿಗೆ ಬಿಚ್ಕೊಳ್ತೈತೆ," ಎಂದು, "ಇನ್ನೊಂದ್ಸಲ ಹಾಕು," ಎಂದ. ಆಮೇಲೆ ಮತ್ತೊಂದು ಸಲ ಹಾಕಿಸಿದ. ಮೂರನೆಯ ಸಲ ಅವನ ತುಟಿಗಳು ಹಾಡಿನ ಜೊತೆಗೆ ಆಡಿದವು. ಸದ್ದು ಹೊರಡಲಿಲ್ಲ.

ಹೊರಗೆ ಬಿಸಿಲು ಎದುರಿನ ಗಾಜಿನ ಮೇಲಿಂದ ಇಳಿಯುತ್ತಿತ್ತು. ಭುವನಾಳ ಎರಡು ಮೆಸೇಜು ಬಂದಿದ್ದವು.

"ಆ ಹುಡುಗಿ ಕಾಯ್ತಾವ್ಳೆ ಮುಜ್ಜು. ತಟ್ಟೆಗೆ ಇದನ್ನೇ ಹಾಕಿಸ್ಲಾ?"

"ಹಕ್ಕೀನ ಕೊಡು ಅವ್ರಿಗೆ. ಇವನನ್ನ ನನ್ ಫೋನಿಗೆ ಹಾಕ್ಬುಟ್ಟು ಹೋಗು."

ಅವನದು ಗುಂಡಿ ಒತ್ತುವ ಸಣ್ಣ ಫೋನು. ಅದರೊಳಗೆ ಹಾಡು ಇಳಿಸುವ ಹೊತ್ತಿಗೆ ಜೆರಾಕ್ಸ್ ಅಂಗಡಿಯವನಿಗೆ ಬೆವರು ಬಂತು. ಇಳಿಯಿತೋ ಇಲ್ಲವೋ ಎಂದು ಒಮ್ಮೆ ಹಾಕಿ ನೋಡಿದ. ಅದೇ ದನಿ, ಸಣ್ಣ ಸ್ಪೀಕರಿನಲ್ಲೂ ಅಗಲವಾಗಿಯೇ ಇತ್ತು.

"ಇಷ್ಟು ಚೆಂದಾಗೈತಲ್ಲೋ. ಒಂದ್ಸಲನಾದ್ರೂ ಜನ ನಿನ್ನ ನಿಜವಾದ್ ದನಿ ಕೇಳ್ಲಿ. ಯಾಕೆ ಬ್ಯಾಡ ಅಂತೀಯ?"

ಮುಜಾಮಿಲ್ ಫೋನನ್ನು ಹಾಸಿಗೆಯ ಮೇಲೆ ತನ್ನ ಪಕ್ಕಕ್ಕೆ ಇಟ್ಟುಕೊಂಡು, ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದ.

"ಇವನಿಗೆ ಜನ ರೂಢಿ ಇಲ್ಲ," ಎಂದ.