ನಮ್ಮ ಓಣಿಯ ಮೂಗು

ಸಿಂಧನೂರಿನ ನಮ್ಮ ಓಣಿಯಲ್ಲಿ ನನಗೊಂದು ಹುದ್ದೆ ಇತ್ತು. ಸಂಬಳವಿಲ್ಲದ, ನಿವೃತ್ತಿಯೂ ಇಲ್ಲದ ಹುದ್ದೆ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲಿ ಖಾರದ ಪುಡಿ ಮಾಡುವಾಗ ಬಾಣಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಹುರಿದದ್ದು ಸಾಕೋ ಇನ್ನೂ ಬೇಕೋ ಎಂದು ಮೂಸಿ ಹೇಳುವುದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ಅದರಿಂದ ಯಾರಿಗೆ ಏನು ಉಪಯೋಗವಾಯಿತೋ ದೇವರಿಗೇ ಗೊತ್ತು. ಮೂಗಿನಿಂದ ಮಾತ್ರ ನಾಲ್ಕು ಮನೆಯ ಸಾರು ಚೆನ್ನಾಗಿತ್ತು.

ಮೂಗಿಗೆ ಟ್ರೈನಿಂಗ್ ಕೊಟ್ಟದ್ದು ಬಳ್ಳಾರಿಯಲ್ಲಿ ನಾನು ಓದಿದ ಕಾನ್ವೆಂಟು. ಅಲ್ಲಿ ಸಿಸ್ಟರ್ ಒಬ್ಬರು ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಸೋಪು ಹಚ್ಚಿದ್ದೇವೋ ಬರೀ ನೀರು ಚಿಮುಕಿಸಿಕೊಂಡು ಬಂದಿದ್ದೇವೋ ಎಂದು ಅಂಗೈ ಮೂಸುತ್ತಿದ್ದರು. ಅವರನ್ನು ನೋಡಿ ನಾನೂ ಮೂಸಲು ಕಲಿತೆ. ಚಾಪೆಲ್ಲಿನ ಮೇಣ, ಹೊಸ ಟೆಕ್ಸ್ಟ್‌ಬುಕ್ಕು, ರಜೆಗೆ ಊರಿಗೆ ಬಂದಾಗ ಅವ್ವನ ಸೆರಗು, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈಗ ಅವೆಲ್ಲ ಹೆಸರುಗಳಾಗಿ ಉಳಿದಿವೆ.

ಏಕೆಂದರೆ ಲಾಕ್‌ಡೌನ್ ತಂದ ಆ ರೋಗ ಮೊದಲ ಸುತ್ತಿನಲ್ಲೇ ನನ್ನ ಮನೆಗೂ ಬಂದು ಹೋಯಿತು. ದೊಡ್ಡದೇನೂ ಆಗಲಿಲ್ಲ; ಮೂರು ದಿನ ಜ್ವರ, ಒಂದು ವಾರ ಮೈಕೈ ನೋವು. ನಾಲ್ಕನೆಯ ದಿನ ಕಾಫಿಪುಡಿ ಡಬ್ಬಿ ತೆರೆದರೆ ಸುಣ್ಣದ ಡಬ್ಬಿ ತೆರೆದಂತಾಯಿತು. ಆಗ ಇನ್ನೂ ಲಸಿಕೆ ಎಂಬುದು ಬಂದಿರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಬರುತ್ತದೆ ಬರುತ್ತದೆ ಎಂದು ವಾಸನೆಗೆ ಕಾದೆ. ತಿಂಗಳುಗಳು ಹೋದವು, ವರ್ಷ ಹೋಯಿತು. ಲಸಿಕೆ ಬಂತು, ಹಾಕಿಸಿಕೊಂಡೆ. ವಾಸನೆ ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ಮೊದಮೊದಲು ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸುತ್ತಾರೆಂಬ ಭಯ. ಆಮೇಲೆ ಬರೀ ಜಂಭ. ಒಂದೇ ಒಂದು ಹುದ್ದೆ ಉಳಿದಿತ್ತು, ಅದನ್ನೂ ಬಿಟ್ಟುಕೊಡಬೇಕೆ?

ಬಿಡಬೇಕಾಗಿ ಬರಲಿಲ್ಲ. ಪಕ್ಕದ ಮನೆಯಾಕೆ, ನನಗಿಂತ ಹತ್ತು ವರ್ಷ ಚಿಕ್ಕವಳು, ನಾಲ್ಕೂ ಮನೆಯ ಖಾರವನ್ನು ತನ್ನ ಅಂಗಳದಲ್ಲಿ ತಾನೇ ಹುರಿಯುತ್ತಿದ್ದಳು. "ಸಾಕೇನ್ರಿ ಅಕ್ಕೋರ?" ಎಂದು ಕೇಳುತ್ತಿದ್ದಳು. ಟೀಚರುಗಳನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಣಲೆ ಕೆಳಗಿಳಿದಿರುತ್ತಿತ್ತು. ಮದುವೆಯ ಹಾಲ್ ಬುಕ್ ಮಾಡಿ ಆಮೇಲೆ ಮುಹೂರ್ತ ಕೇಳುವವರ ಹಾಗೆ. ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಮೂರು ಬೇಸಿಗೆ ಹೀಗೇ ಸಾಗಿದವು.

ನಾಲ್ಕನೆಯ ಬೇಸಿಗೆಯಲ್ಲಿ ಅವಳ ಭುಜ ಹಿಡಿದುಕೊಂಡಿತು. ಕೈ ಮೇಲೆತ್ತಲು ಬರದು. ಅದು ಲಸಿಕೆಯ ಸೂಜಿಯಿಂದಲೇ ಎಂದು ಓಣಿ ತೀರ್ಮಾನಿಸಿತು. ಸೂಜಿ ಚುಚ್ಚಿದ್ದು ಎಡಗೈಗೆ, ಹಿಡಿದುಕೊಂಡದ್ದು ಬಲಭುಜ. ಇಂಥ ಸಣ್ಣಪುಟ್ಟ ಅಡ್ಡಿಗಳಿಗೆ ನಮ್ಮ ಓಣಿ ಸೊಪ್ಪು ಹಾಕುವುದಿಲ್ಲ. ಕೂದಲು ಉದುರಿದರೆ ಸೂಜಿ, ಮಂಡಿ ನೋವಾದರೆ ಸೂಜಿ. ಮೂಲೆಮನೆಯ ಕೋಳಿ ಮೊಟ್ಟೆ ಇಡುವುದನ್ನು ಬಿಟ್ಟದ್ದಕ್ಕೂ ಸೂಜಿ ಎಂದರು; ಕೋಳಿಗೆ ಯಾರು ಯಾವಾಗ ಹಾಕಿದರೋ.

ಎಲ್ಲವೂ ನಗುವ ಮಾತು ಎನ್ನುತ್ತಿಲ್ಲ. ಅಪರೂಪಕ್ಕೆ ಕೆಲವರಿಗೆ ಕೆಟ್ಟ ಪರಿಣಾಮ ಆದದ್ದುಂಟು ಎಂದು ಪೇಪರಿನಲ್ಲೂ ಬಂದಿತ್ತು, ನಾನೂ ಓದಿದೆ. ಆಡುತ್ತಾ ಆಡುತ್ತಾ ಬಿದ್ದುಹೋದ ಹುಡುಗನ ಸುದ್ದಿ ಕೇಳಿ ತಾಯಂದಿರಿಗೆ ಎದೆ ಧಸಕ್ಕೆಂದರೆ ಅವರನ್ನು ದಡ್ಡರೆನ್ನಲು ನಾನು ಯಾರು? ಕೇಳಲಿ. ಆದರೆ ಗೊತ್ತಿದ್ದವರನ್ನು ಕೇಳಲಿ. ನಮ್ಮವರು ಕೇಳುತ್ತಿದ್ದದ್ದು ಮೊಬೈಲನ್ನು.

ಆ ವರ್ಷ ಹುರಿಯಲು ಕೂತವಳು ಪಕ್ಕದ ಮನೆಯಾಕೆಯ ಸೊಸೆ. ಮಸ್ಕಿಯ ಹುಡುಗಿ. ಬಾಣಂತನ ಮುಗಿಸಿ ಆರು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಆಗತಾನೆ ತವರಿನಿಂದ ಬಂದಿದ್ದಳು. ವಿನಯವಂತೆ. ಹಿರಿಯರು ಹೇಳುವ ತನಕ ಕದಲುವವಳಲ್ಲ. ನನ್ನ ದುರದೃಷ್ಟ.

ಮೊದಲು ಮೆಣಸಿನಕಾಯಿ ಹುರಿದರು. ಘಾಟು ಎದ್ದಿತು. ಎಲ್ಲರೂ ಮನೆಗೆ ಓಡಿ ಹಳೆಯ ಮಾಸ್ಕು ಹುಡುಕಿ ತಂದು ಕಟ್ಟಿಕೊಂಡರು. ರೋಗ ಊರಲ್ಲಿ ಓಡಾಡುವಾಗ ಗದ್ದಕ್ಕೆ ಸಿಕ್ಕಿಸಿಕೊಂಡವರು ಈಗ ಮೂಗು ಬಾಯಿ ಎರಡೂ ಮುಚ್ಚಿ, ಮೇಲಿನ ತಂತಿಯನ್ನೂ ಒತ್ತಿಕೊಂಡು ಕೂತರು. ಸರ್ಕಾರ ಅಷ್ಟೊಂದು ಜಾಹೀರಾತು ಹಾಕುವ ಬದಲು ಚೌಕದಲ್ಲಿ ಮೆಣಸಿನಕಾಯಿ ಹುರಿಸಿದ್ದರೆ ಸಾಕಿತ್ತು.

ಆ ಹೊಗೆಯಲ್ಲೇ ಮೆಂತ್ಯದ ಸರದಿ ಬಂತು. ಮೆಂತ್ಯದ ಬಣ್ಣ ನಂಬುವಂತಿಲ್ಲ. ವಾಸನೆ ತಿರುಗಿದ ಕ್ಷಣಕ್ಕೆ ಇಳಿಸಬೇಕು, ತಡವಾದರೆ ವಿಷದಂಥ ಕಹಿ. ಇಡೀ ಅಂಗಳದಲ್ಲಿ ಮಾಸ್ಕಿಲ್ಲದ ಮೂಗು ನನ್ನದೊಂದೇ.

"ಅಕ್ಕೋರ, ಸಾಕೇನ್ರಿ?"

ಮೂಸಿದೆ. ಏನೂ ಇಲ್ಲ. "ಇನ್ನೊಂಚೂರು" ಎಂದೆ.

"ಈಗ್ರಿ?"

"ತಡಿಯವ್ವ, ಅವಸರ ಮಾಡಬ್ಯಾಡ."

ಅವಳು ತಡೆದಳು. ಪಾಪ, ಬಹಳ ತಡೆದಳು.

ಗಿರಣಿಯಲ್ಲಿ ಕುಟ್ಟಿಸಿ ನಾಲ್ಕು ಮನೆಗೆ ಹಂಚಿದ ಮೇಲೆ, ಹದಿನೈದು ದಿನದೊಳಗೆ ಓಣಿಯವರ ಬಾಯಿ ಕಹಿಯಾಯಿತು. ಬ್ಯಾಳಿ ಸಾರು ಕಹಿ, ಪಲ್ಯ ಕಹಿ. ಖಾರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಕ್ಕೋರು ಮೂಸಿದ ಖಾರ. ಕಾಲುವೆ ನೀರಿನ ಮೇಲೆ ಒಂದು ದಿನ ಅನುಮಾನ ಪಟ್ಟರು. ಭತ್ತದ ಹುಳಕ್ಕೆ ಹೊಡೆಯುವ ಎಣ್ಣೆಯ ಮೇಲೆ ಒಂದು ದಿನ. ಮೂರನೆಯ ದಿನ ಮೂಲೆಮನೆಯಾಕೆ ಮೊಬೈಲ್ ಹಿಡಿದು ಬಂದಳು. ಅದರಲ್ಲಿ ಬಿಳಿ ಕೋಟಿನವನೊಬ್ಬ ನಾಲಿಗೆ ತೋರಿಸುತ್ತಿದ್ದ.

"ನೋಡ್ರಿ, ಸೂಜಿ ತಗೊಂಡು ಮೂರ್ನಾಕು ವರ್ಷಕ್ಕ ನಾಲಿಗಿಗೆ ಬರ್ತೈತಂತ. ನಮಗ ಬರೋಬ್ಬರಿ ಈಗ ಬಂದೈತಿ."

ನಾನೂ ಕೂತು ನೋಡಿದೆ. ನಾಚಿಕೆಯ ಮಾತು, ಒಳಗೊಳಗೆ ನಾನೂ ಅರ್ಧ ನಂಬಿದೆ. ವಾಸನೆ ಸತ್ತರೂ ಕಹಿ ನಾಲಿಗೆಗೆ ತಿಳಿಯುತ್ತದೆ. ನನ್ನ ಸಾರೂ ಕಹಿಯಾಗಿತ್ತು. ಮೊದಲು ಮೂಗು, ಈಗ ನಾಲಿಗೆ, ಗ್ರ್ಯಾಜುಯಲ್ ಆಗಿ ಎಲ್ಲವೂ ಹೋಗುತ್ತದೆ ಎಂದುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ಮನೆ ಒಂದು ವರ್ಷ ಕಹಿ ತಿಂದು ಸುಮ್ಮನಾಗುತ್ತಿದ್ದವು. ಆದರೆ ಸೊಸೆಯ ಮಗುವಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಲಸಿಕೆ ಹಾಕಿಸಬೇಕೆಂದು ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಳು. ಸೊಸೆ ಆಗುವುದಿಲ್ಲ ಎಂದಳು. ಅಷ್ಟು ಮೆತ್ತಗಿನ ಹುಡುಗಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ದೊಡ್ಡೋರ ಬಾಯಿನೇ ಕೆಟ್ಟೈತಿ. ನನ್ನ ಕೂಸು ನಾಳೆ ಊಟ ಬಿಟ್ರ ನೀವು ಬಂದು ಉಣಿಸ್ತೀರೇನು?"

"ಅದು ಬ್ಯಾರೆ ಸೂಜಿ, ತಂಗಿ. ನಿನಗೂ ಸಣ್ಣಾಕಿದ್ದಾಗ ಹಾಕ್ಯಾರ. ಕಾಲುವಿ ಆಚಿ ಹಳ್ಯಾಗ ಹುಡುಗರಿಗೆ ದಡಾರ ಬಿದ್ದೈತಿ, ಅದಕ್ಕ ಹೇಳಾಕತ್ತೀನಿ."

"ಎಲ್ಲಾ ಸೂಜಿನೂ ಒಂದೇ ಡಬ್ಬ್ಯಾಗ ತರ್ತೀರಿ. ಹೋಗ್ರಿ."

ಎರಡನೆಯ ಸಲ ಆಶಾ ಬಂದಾಗ ಬಾಗಿಲೇ ತೆರೆಯಲಿಲ್ಲ.

ನನಗೊಬ್ಬಳು ತಂಗಿ ಇದ್ದಳು. ನಾಲ್ಕು ವರ್ಷದವಳಿದ್ದಾಗ ದಡಾರ ಬಂತು. ಅವ್ವ ಬೇವಿನ ಸೊಪ್ಪಿನ ಮೇಲೆ ಮಲಗಿಸಿದಳು. ಮೈಮೇಲಿನ ಕೆಂಪು ಗುಳ್ಳೆ ಹೋದವು, ಕಿವಿ ಸೋರತೊಡಗಿತು, ಆಮೇಲೆ ಕೇಳಿಸುವುದೂ ಹೋಯಿತು. ನನ್ನನ್ನು ಕಾನ್ವೆಂಟಿಗೆ ಕಳಿಸಿದರು, ಅವಳನ್ನು ಅಲ್ಲಿ ತೆಗೆದುಕೊಳ್ಳಲಿಲ್ಲ. ನಾನು ಇಂಗ್ಲಿಷ್ ಕಲಿತೆ, ಅವಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ಹಿಂದಿನಿಂದ ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಲಾಂಗ್ ಟರ್ಮ್ ಎಫೆಕ್ಟ್ ಎಂಬ ಮಾತನ್ನು ನಾನು ಯಾವ ವಿಡಿಯೋದಿಂದಲೂ ಕಲಿಯಬೇಕಿರಲಿಲ್ಲ.

ನಾಲಿಗೆಯೂ ಹೋಯಿತೆಂಬ ಭಯದಲ್ಲಿ ಆ ವಾರವೇ ಲಿಂಗಸುಗೂರಿಗೆ ಹೊರಟೆ. ಸಿಂಧನೂರಿನಲ್ಲಿ ಮೂಗಿನ ಡಾಕ್ಟರಿಲ್ಲವೆಂದಲ್ಲ, ಇಲ್ಲಿ ತೋರಿಸಿದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ರೋಗ ಬಂದ ಮೇಲೆ ಕೆಲವರಿಗೆ ಹೀಗೆ ಉಳಿದುಬಿಡುತ್ತದೆ, ಮರಳಿ ಬರಬಹುದು, ಬರದೇ ಇರಬಹುದು ಎಂದರು. "ಖರೇ ಹೇಳ್ಬೇಕಂದ್ರ ನಮಗೂ ಇನ್ನಾ ಪೂರಾ ತಿಳಿದಿಲ್ರಿ." ಗೊತ್ತಿಲ್ಲ ಎಂದು ಹೇಳಿದ ಮೊದಲ ಮನುಷ್ಯ. ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಬಾಯಿ ಕಹಿ ಅಂತೀರಲ್ಲ, ಎಲ್ಲಾ ಊಟನೂ ಕಹಿನೋ, ಮನಿ ಊಟ ಅಷ್ಟೋ?" ಎಂದು ಕೇಳಿದರು. ಎಂಥ ಸಿಲ್ಲಿ ಪ್ರಶ್ನೆ ಎಂದುಕೊಂಡು ಹೊರಬಂದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ ಪಲ್ಯ ಕೊಟ್ಟರು. ಘಮ ತಿಳಿಯಲಿಲ್ಲ, ಅದು ಇದ್ದದ್ದೇ. ಆದರೆ ಕಹಿ ಇರಲಿಲ್ಲ. ಇನ್ನೊಮ್ಮೆ ಹಾಕಿಸಿಕೊಂಡೆ. ಆಗಲೂ ಇರಲಿಲ್ಲ. ಬಸ್ಸಿನಲ್ಲಿ ಕೂತು ಯೋಚಿಸುತ್ತ ಬಂದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಸೊಸೆಯ ನೆನಪಾಯಿತು. ಹೊಗೆಯ ನಡುವೆ ಸವಟು ಹಿಡಿದು ನನ್ನ ಮುಖವನ್ನೇ ನೋಡುತ್ತ ಕೂತ ಅವಳ ಕಣ್ಣು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಡಬ್ಬಿ ತೆರೆದು ಚಿಟಿಕೆ ಖಾರ ನಾಲಿಗೆಗೆ ಇಟ್ಟುಕೊಂಡೆ. ಅಪ್ಪಟ ಸೀದ ಮೆಂತ್ಯ.

ಎರಡು ದಿನ ಸುಮ್ಮನಿದ್ದೆ. ಕಾನ್ವೆಂಟಿನಲ್ಲಿ ಕನ್ಫೆಷನ್‌ಗೆ ಪರದೆ ಇರುತ್ತಿತ್ತು. ಪಾದ್ರಿಗೆ ಮುಖ ಕಾಣದು. ನಮ್ಮ ಓಣಿಯಲ್ಲಿ ಆ ವ್ಯವಸ್ಥೆ ಇಲ್ಲ. ಮರುದಿನ ಗುರುವಾರ, ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಎಂದಾಗ ಎದ್ದು ಪಕ್ಕದ ಮನೆಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸೊಸೆ ಮಗುವಿಗೆ ಬಟ್ಟೆ ಬದಲಿಸುತ್ತಿದ್ದಳು. ಎಲ್ಲ ಹೇಳಿದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಶಾ ಏನು ಹೇಳಿಕೊಟ್ಟು ಕಳಿಸ್ಯಾಳ ಅಕ್ಕೋರ ನಿಮ್ಮನ್ನ?" ಎಂದಳು.

"ಯಾರೂ ಕಳಿಸಿಲ್ಲ. ನನಗ ವಾಸನಿ ಬರಂಗಿಲ್ಲ."

"ಬರಂಗಿಲ್ಲಂದ್ರ ಅದೂ ಸೂಜಿದಽ ಕೆಲಸ ಬಿಡ್ರಿ."

"ಸೂಜಿ ಬರೂಕಿಂತ ಮೊದ್ಲಽ ಹೋಗೈತಿ. ಲಾಕ್‌ಡೌನ್‌ದಾಗ."

"ಮತ್ತ ಇವಳು ಬಸುರಿದ್ದಾಗ ಕುಬಸದ ಕಾರ್ಯದಾಗ ಮಲ್ಲಿಗಿ ದಂಡಿ ಹಿಡಕೊಂಡು 'ಏನು ಘಮಾ' ಅಂದ್ರಿ?"

"ಸುಳ್ಳು ಹೇಳಿದೆ."

ಸೊಸೆ ಎದ್ದು ಹತ್ತಿರ ಬಂದು, "ಅಕ್ಕೋರ, ಕಣ್ಣು ಮುಚ್ಚರಿ" ಎಂದಳು.

ಮುಚ್ಚಿದೆ. ಏನನ್ನೋ ಮೂಗಿನ ಹತ್ತಿರ ಹಿಡಿದಳು. ಮೂವತ್ತು ವರ್ಷ ಪರೀಕ್ಷೆ ನಡೆಸಿದವಳಿಗೆ ಬಂದ ಗತಿ. ಹಳೆಯ ಜಂಭ, ಸುಮ್ಮನಿರಲಿಲ್ಲ. ಅಡುಗೆಮನೆ ಹತ್ತಿರವಿದೆ, ಮಸಾಲೆ ಡಬ್ಬಿಯೇ ಇರಬೇಕೆಂದು ಅಂದಾಜು ಹಾಕಿ, "ಜೀರಿಗಿ" ಎಂದೆ.

ಕಣ್ಣು ತೆರೆದರೆ ಅವಳ ಕೈಯಲ್ಲಿ ಮಗುವಿನಿಂದ ಆಗತಾನೆ ಬಿಚ್ಚಿದ ಬಟ್ಟೆ. ಹಳದಿಯಾಗಿತ್ತು.

ಅತ್ತೆ ನಗಲು ಶುರು ಮಾಡಿದವಳು ಎಣ್ಣೆಯ ಬಟ್ಟಲು ಉರುಳಿಸಿದಳು. "ಜೀರಿಗಿ ಅಂತ. ಯವ್ವಾ, ಜೀರಿಗಿ ಅಂತ." ನೋವಿನ ಭುಜವನ್ನೂ ಮರೆತು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.

ಸೊಸೆ ನಗಲಿಲ್ಲ. ಬಟ್ಟೆ ಬಕೆಟ್ಟಿಗೆ ಹಾಕಿ ಕೈ ತೊಳೆದು ಒಳಗೆ ಹೋದಳು. ಅವಳ ತಾಯಿ ಮಸ್ಕಿಯಿಂದ ಕಳಿಸಿದ ಸಣ್ಣ ಡಬ್ಬಿ ಖಾರ ಇನ್ನೂ ಒಡೆಯದೆ ಇತ್ತು. ಅದನ್ನು ಹಾಕಿ ಸಂಜೆ ಬ್ಯಾಳಿ ಮಾಡಿ, ಒಂದು ಬಟ್ಟಲು ನನಗೂ ತಂದುಕೊಟ್ಟಳು. ಬಾಗಿಲಲ್ಲೇ ನಿಂತು, ನಾನು ಉಂಡು ಮುಗಿಸುವ ತನಕ ನೋಡಿದಳು.

"ಕಹಿ ಇಲ್ಲ" ಎಂದೆ.

"ನಮ್ಮ ಮನ್ಯಾಗ ಯಾರಿಗೂ ಕಹಿ ಇಲ್ರಿ" ಎಂದಳು. ಖಾಲಿ ಬಟ್ಟಲು ತೆಗೆದುಕೊಳ್ಳುತ್ತ, "ನಾಳೆ ಎಷ್ಟಕ್ಕ ಹೋಗ್ಬೇಕ್ರಿ? ನೀವೂ ಬರ್ರಿ. ಜ್ವರ ಬಂದ್ರ ನಿಮ್ಮನ್ನಽ ಕೇಳ್ತೀನಿ ನಾ."

ಲಸಿಕೆ ಹಾಕಿಸಿ ಬಂದ ಮೇಲೆ ಜ್ವರ ಬಂದೇ ಬಂತು. ಒಂದು ದಿನ ಮೈ ಬೆಚ್ಚಗಾಯಿತು. ಲಸಿಕೆ ಹಾಕಿದ ನರ್ಸು ಮೊದಲೇ ಹೇಳಿದ್ದರೂ ಓಣಿ ಸರದಿಯ ಮೇಲೆ ಬಂದು ಮಗುವನ್ನಲ್ಲ, ನನ್ನನ್ನು ನೋಡಿಕೊಂಡು ಹೋಯಿತು. ನಾನು ಪಕ್ಕದ ಮನೆಯ ಕಟ್ಟೆಯ ಮೇಲೆ ಆರೋಪಿಯ ಹಾಗೆ ಕೂತಿದ್ದೆ. ಮರುದಿನ ಜ್ವರ ಇಳಿಯಿತು. ಮಗು ರೊಟ್ಟಿಯ ತುಂಡು ಚೀಪಿತು. ಓಣಿಗೆ ಸ್ವಲ್ಪ ನಿರಾಸೆಯಾಯಿತೆಂದೇ ನನ್ನ ಅನುಮಾನ.

ಉಳಿದೆರಡು ಮನೆಗಳಿಗೂ ನಾನೇ ಹೋಗಿ ತಪ್ಪೊಪ್ಪಿಕೊಂಡೆ. ಒಂದು ಮನೆಯವರು ನಕ್ಕು ಖಾರ ಚೆಲ್ಲಿದರು. ಮೂಲೆಮನೆಯಾಕೆ ಮಾತ್ರ ಒಪ್ಪಲಿಲ್ಲ. ಖಾರ ಬದಲಿಸಿದ ಮೇಲೂ ತನ್ನ ಬಾಯಿ ಕಹಿಯೇ ಇದೆ ಎನ್ನುತ್ತಾಳೆ. ಐ ರೆಸ್ಪೆಕ್ಟ್ ಹರ್.

ಈ ಬೇಸಿಗೆಯಲ್ಲೂ ಖಾರ ಹುರಿದರು. ಸೊಸೆಯೇ ಕೂತಳು, ಮಾಸ್ಕಿಲ್ಲದೆ, ಕಣ್ಣಲ್ಲಿ ನೀರು ಸುರಿಸಿಕೊಂಡು. ನನ್ನ ಕುರ್ಚಿಯನ್ನೂ ಹಾಕಿಸಿದ್ದಳು. "ಸಾಕೇನ್ರಿ ಅಕ್ಕೋರ?" ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಣಲೆ ಕೆಳಗಿತ್ತು. ನಾನು ತಲೆಯಾಡಿಸಿದೆ.

ಮಗು ಈಗ ನಡೆಯುತ್ತದೆ. ಅಕ್ಕೋರ ಅಜ್ಜಿಯ ಮೂಗಿಗೆ ತೋರಿಸು ಎಂದು ಮನೆಯವರು ಆಟ ಕಲಿಸಿದ್ದಾರೆ. ಕೈಗೆ ಸಿಕ್ಕಿದ್ದನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ತಂದು ನನ್ನ ಮೂಗಿಗೆ ಒತ್ತುತ್ತದೆ. ಖಾರ ಹುರಿದ ದಿನವೂ ತಂದಿತು. "ಆಹಾ, ಗುಲಾಬಿ" ಎಂದೆ.

"ಕೋಳಿ ಹಿಕ್ಕಿ ಐತ್ರಿ ಅಕ್ಕೋರ" ಎಂದು ಮಗುವಿನ ಹಿಂದಿನಿಂದ ಅತ್ತೆ ನಕ್ಕಳು.

ತುಟಿ ನೋಡದೆ, ಬರೀ ನಗು ಕೇಳಿ ಮಗು ತಟ್ಟನೆ ಆ ಕಡೆ ತಿರುಗಿತು.