ಬಟ್ಟೆ ಎಂದು ಬರೆದ ಡ್ರಮ್ಮು

ತಾನು ತಪ್ಪಾಗಿ ಅಳೆದರೆ ಯಾರಿಗೂ ಗೊತ್ತಾಗುವುದೇ ಇಲ್ಲವಲ್ಲ ಎಂಬ ಅಳುಕನ್ನು ಆಕೆ ಮನೆಯಲ್ಲೂ ಬಾಯಿಬಿಟ್ಟು ಹೇಳಿಲ್ಲ. ಬೆಳಗಿನ ಆರು ಗಂಟೆ. ಕಿಟಕಿಯಿಲ್ಲದ ಕೋಣೆಯಲ್ಲಿ, ತಿರುಗುವ ಮಣೆಯ ಮೇಲೆ, ಇನ್ನೂರು ಲೀಟರಿನ ಉಕ್ಕಿನ ಡ್ರಮ್ಮು ನಿಧಾನಕ್ಕೆ ಸುತ್ತುತ್ತಿದೆ. ಒಳಗಿರುವುದು ಅಣುಸ್ಥಾವರದ ಕಸ. ಅದರಲ್ಲಿ ವಿಕಿರಣ ಎಷ್ಟಿದೆಯೆಂದು ಮುಚ್ಚಳ ತೆಗೆಯದೆ ಅಳೆದು ಹೇಳುವುದು ಆಕೆಯ ಕೆಲಸ. ದಿನಕ್ಕೆ ಹನ್ನೆರಡು ಡ್ರಮ್ಮು, ಒಂದಕ್ಕೆ ಇಪ್ಪತ್ತೈದು ನಿಮಿಷ.

"ಇಷ್ಟು ಸುತ್ತಿಸ್ತೀಯಲ್ಲ ಅಳತೆಯಕ್ಕ, ಅದಕ್ಕೆ ತಲೆ ತಿರುಗಲ್ವಾ?" ಬಾಗಿಲಲ್ಲಿ ನಿಂತ ಮೇಸ್ತ್ರಿಯ ನಿತ್ಯದ ಕೀಟಲೆ.

"ನಿಮ್ಮ ಮಾತಿಗೆ ನನಗೇ ತಿರುಗುತ್ತೆ, ಹೋಗಿ."

ಆಕೆ 'ಹಗುರ', ಅಂದರೆ ವಿಕಿರಣ ಕಡಿಮೆ, ಎಂದು ಬರೆದುಕೊಟ್ಟ ಡ್ರಮ್ಮುಗಳನ್ನು ತೆರೆದು, ಕಸ ಬೇರ್ಪಡಿಸುವುದು ಮೇಸ್ತ್ರಿಯ ಆರು ಜನ. ಅವರನ್ನು ಕಾಯುವುದು ಒಂದು ತೆಳು ಕೋಟು ಮತ್ತು ಆಕೆಯ ಸಹಿ, ಅಷ್ಟೇ. 'ಸುರಕ್ಷತೆಯೇ ಮೊದಲು' ಎಂಬ ಬೋರ್ಡಿಗೆ ವರ್ಷವರ್ಷವೂ ಹೊಸ ಬಣ್ಣ ಬೀಳುತ್ತದೆ. ನಮೂನೆಯಲ್ಲಿದ್ದ ತೂಕದ ಕಾಲಂ ಮಾತ್ರ ಕೆಲಸ ತಡವಾಗುತ್ತದೆಂದು ಕಿತ್ತುಹಾಕಿದ್ದಾರೆ. ಆದರೂ ಆಕೆ ತೂಗುವುದನ್ನು ಬಿಟ್ಟಿಲ್ಲ. "ಡಬ್ಬ ತಿರುಗಿಸೋಕೆ ಇಷ್ಟೆಲ್ಲ ಓದಬೇಕಿತ್ತೇನೇ?" ಎಂದು ಅತ್ತೆ ಮೂದಲಿಸುತ್ತಾರೆ.

ಇಂದಿನ ಡ್ರಮ್ಮಿನ ಚೀಟಿಯಲ್ಲಿ 'ಬಟ್ಟೆ, ಕೈಗವಸು' ಎಂದಿದೆ. ಬಟ್ಟೆಯ ಡ್ರಮ್ಮು ಅರವತ್ತು ಕಿಲೋ ದಾಟದು. ಇದು ನೂರ ತೊಂಬತ್ತು! ಯಾರೋ ನಡುವೆ ಕಬ್ಬಿಣ ತುರುಕಿ, ಮೇಲೆ ಬಟ್ಟೆ ಮುಚ್ಚಿ ಕೈತೊಳೆದುಕೊಂಡಿದ್ದಾರೆ. ಕಬ್ಬಿಣ ಒಳಗಿನ ಕಿರಣಗಳನ್ನು ನುಂಗುತ್ತದೆ. ಬಟ್ಟೆಯೆಂದು ನಂಬಿದ ಯಂತ್ರ ಕಡಿಮೆ ತೋರಿಸುತ್ತದೆ. "ಯಂತ್ರ ತಾನಾಗಿ ಸುಳ್ಳು ಹೇಳಲ್ಲ. ನಾವೇ ಹೇಳಿಕೊಡ್ತೀವಿ" ಎಂದು ಆಕೆ ತನಗೇ ಹೇಳಿಕೊಳ್ಳುತ್ತಾಳೆ. ಹೋದ ವರ್ಷ ಇಂಥದ್ದೇ ಒಂದಕ್ಕೆ ತಲೆ ತಗ್ಗಿಸಿ ಸಹಿ ಹಾಕಿದ್ದಳು. ತನ್ನ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೇಲಧಿಕಾರಿ ಒಳಗೆ ಬಂದು, ಸಹಿಯಿಲ್ಲದ ನಮೂನೆ ನೋಡುತ್ತಾರೆ. "ಮೀಟರೇ ಕಡಿಮೆ ಅಂತಿದೆ, ನಿಂದೇನಮ್ಮ ತಕರಾರು? ಸಹಿ ಹಾಕು."

"ಕಬ್ಬಿಣ ಅಂತ ಲೆಕ್ಕ ಹಿಡಿದು, ಮೂರು ಎತ್ತರದಿಂದ ಮತ್ತೆ ಅಳೀಬೇಕು ಸಾರ್. ಎರಡು ಗಂಟೆ ಬೇಕು." ಸಣ್ಣ ದನಿಯಲ್ಲೇ ಹೇಳುತ್ತಾಳೆ.

"ಒಂದು ಡಬ್ಬಕ್ಕೆ ಎರಡು ಗಂಟೆನಾ! ಒಂಬತ್ತು ವರ್ಷದಿಂದ ಇದೇ ಮಾಡ್ತಿದೀಯ. ಎಷ್ಟಿದೆ ಅಂತ ಅಂದಾಜಲ್ಲೇ ಹೇಳ್ಬಿಡು."

ಬಾಗಿಲಾಚೆ ಆರು ಜನ ಆಗಲೇ ಕೈಗವಸು ಏರಿಸಿಕೊಂಡು ನಿಂತಿದ್ದಾರೆ. ಆಕೆ ಪೆನ್ನಿನ ಮುಚ್ಚಳ ಹಾಕುತ್ತಾಳೆ.

"ಎಷ್ಟಿದೆ ಅಂತ ನನಗೆ ಗೊತ್ತಿಲ್ಲ ಸಾರ್," ಎನ್ನುತ್ತಾಳೆ, ಬಾಗಿಲಾಚೆಗೂ ಕೇಳುವಂತೆ. "ನಿಮಗೂ ಗೊತ್ತಿಲ್ಲ."